ಆರರಿಂದ ಎಂಟರವರೆಗಿನ ನೀರು

ನನ್ನ ಬಾಯ್ಲರ್ ಸೋರುತ್ತದೆ ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಬರಲೇಬೇಕು. ಗಂಗಾವತಿ ಹತ್ತಿರದ ಈ ಅಕ್ಕಿ ಗಿರಣಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಅದರ ಮುಂದೆ ನಿಂತಿದ್ದೇನೆ. ಹನುಮಸಾಗರದ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವನು ನಾನು. ಬಾಯ್ಲರ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿ ಮೂರನೆಯ ಸಲ ಪಾಸಾದೆ. ಆ ಸರ್ಟಿಫಿಕೇಟು ಬಾಯ್ಲರ್ ಮನೆಯ ಗೋಡೆಯ ಮೇಲೆ ಗಾಜಿನ ಕಟ್ಟಿನಲ್ಲಿದೆ. ಹುಲಿಗೆಪ್ಪ ಎಂಬ ಹೆಸರಿನ ಮೇಲೆ ಬೂದಿ ಕೂತಿರುತ್ತದೆ. ವಾರಕ್ಕೊಮ್ಮೆ ಒರೆಸುತ್ತೇನೆ.

ನಮ್ಮಲ್ಲಿ ಭತ್ತದ ಹೊಟ್ಟನ್ನೇ ಉರಿಸಿ ಉಗಿ ಮಾಡುತ್ತೇವೆ. ಉಗಿ ಮೊದಲು ಟರ್ಬೈನನ್ನು ತಿರುಗಿಸಿ ಗಿರಣಿಗೆ ಕರೆಂಟು ಕೊಡುತ್ತದೆ. ಅಲ್ಲಿಂದ ಹೊರಬಿದ್ದದ್ದು ಭತ್ತ ಬೇಯಿಸಲು, ಒಣಗಿಸಲು. ಡ್ರೈಯರಿನ ಕೊಳವೆಗಳಲ್ಲಿ ಕೆಲಸ ಮುಗಿಸಿದ ಉಗಿ ನೀರಾಗಿ, ಬಿಸಿಬಿಸಿಯಾಗಿಯೇ ನನ್ನ ಟ್ಯಾಂಕಿಗೆ ವಾಪಸ್ ಬರುತ್ತದೆ. ಮಳೆ ನೀರಿಗಿಂತ ಶುದ್ಧ ನೀರು ಅದು. ಅದರಲ್ಲಿ ಎಷ್ಟು ಕಡಿಮೆ ಬಂತೋ ಅಷ್ಟು ಬೋರಿನ ನೀರನ್ನು ಮೆದು ಮಾಡಿ ಹೊಸದಾಗಿ ಹಾಕಬೇಕು. ಆ ಹೊಸ ನೀರಿನ ಲೈನಿಗೆ ಹೋದ ವರ್ಷ ಒಂದು ಮೀಟರ್ ಬಂತು. ಹಾಕಿಸಿದವರು ನೇತ್ರಾವತಿ ಮೇಡಂ.

ಮೇಡಂ ಕೊಪ್ಪಳದ ಭಾಗ್ಯನಗರದವರು, ಎಂಜಿನಿಯರ್, ನನ್ನ ಮಗಳಿಗಿಂತ ಮೂರು ವರ್ಷ ದೊಡ್ಡವರು. ಅಮಾವಾಸ್ಯೆ ಆಗಿ ಒಂಬತ್ತನೆಯ ದಿನ, ಶುಕ್ರವಾರ, ಹಾಳೆ ಹಿಡಿದುಕೊಂಡು ನನ್ನ ಮುಂದೆ ಬಂದು ನಿಂತರು.

“ಹುಲಿಗೆಪ್ಪಣ್ಣ, ಅಮಾಸಿ ಮರುದಿನದಿಂದ ಹೊಸ ನೀರು ಏರಕೋತ ಬಂದು ಈಗ ದಿನಾ ಎರಡೂವರಿ, ಮೂರು ಸಾವಿರ ಲೀಟರ್ ಹೆಚ್ಚಿಗಿ ಹೋಗಾಕತ್ತೈತಿ. ಎಲ್ಲಿ ಹೋಗತೈತಿ?”

“ನಿಮ್ಮ ಮೀಟರಿಗೆ ಕೇಳ್ರಿ.”

“ಕೇಳೇನಿ. ಎರಡು ಸಲ ಬಿಚ್ಚಿಸಿ ನೋಡೇನಿ. ಮೀಟರ್ ಛಲೋ ಐತಿ.”

“ನನ್ನ ಬಾಯ್ಲರೂ ಛಲೋ ಐತಿ.”

ಬಾಯಿ ಮಾತಲ್ಲ, ತೋರಿಸಿದೆ. ಒಳಗೆ ಕೊಳವೆ ಒಡೆದಿದ್ದರೆ ಚಿಮಣಿಯ ಹೊಗೆಯಲ್ಲಿ ಬಿಳಿ ಉಗಿ ಕಾಣಬೇಕು, ಕಾಣಲಿಲ್ಲ. ಕೆಳಗೆ ಬೀಳುವ ಬೂದಿ ಹಸಿಯಾಗಿ ಉಂಡೆ ಕಟ್ಟಬೇಕು. ಹಿಟ್ಟಿನ ಹಾಗೆ ಒಣಗಿತ್ತು. ಕಿಂಡಿಗೆ ಕಿವಿ ಕೊಟ್ಟರೆ ಹಾವಿನ ಬುಸುಗುಟ್ಟುವಿಕೆ ಕೇಳಬೇಕು. ಹೊಟ್ಟು ಉರಿಯುವ ಸದ್ದು ಬಿಟ್ಟರೆ ಬೇರೆ ಇಲ್ಲ. ಇನ್ನೊಂದು ಮಾತು. ಬಾಯ್ಲರಿನ ನೀರು ಸೋರಿದರೆ ಅದರ ಜೊತೆ ಉಪ್ಪೂ ಸೋರುತ್ತದೆ, ಉಳಿದ ನೀರಿನಲ್ಲಿ ಉಪ್ಪು ಕಡಿಮೆಯಾಗಬೇಕು. ನಮ್ಮ ನೀರಿನಲ್ಲಿ ಕಡಿಮೆಯಾಗಿರಲಿಲ್ಲ.

ಮೇಡಂ ಎಲ್ಲವನ್ನೂ ಕೇಳಿಸಿಕೊಂಡರು. “ನೀವು ಹೇಳೋದು ಖರೆ ಅಣ್ಣ. ಆದ್ರ ಸೂಪರ್‌ಹೀಟರ್ ಸೋರಿದ್ರ? ಅಲ್ಲಿ ನೀರಿಲ್ಲ, ಬರೇ ಉಗಿ. ಉಪ್ಪು ಎಲ್ಲಿಂದ ಹೋಗಬೇಕು? ಸೂಜಿ ತೂತಾಗಿದ್ರ ಹೊಗಿಯೊಳಗ ಕಾಣೋದೂ ಇಲ್ಲ.”

ಉಗಿಯನ್ನು ಇನ್ನಷ್ಟು ಕಾಯಿಸುವ ಆ ಕೊಳವೆಗಳನ್ನು ನಾನು ಮರೆತಿರಲಿಲ್ಲ, ಆದರೆ ಅವರು ಮರೆತಿರಲಿ ಎಂದುಕೊಂಡಿದ್ದೆ.

“ಅಮಾಸಿ ದಿನ ಪೂಜಾಕ್ಕ ಬಾಯ್ಲರ್ ನಿಲ್ಲಿಸಿದ್ರಿ. ಮರುದಿನ ಹಚ್ಚುವಾಗ ಮ್ಯಾಲಿನ ಉಗಿ ವಾಲ್ ತೆರೆದ ಹಚ್ಚಿದ್ರಿ ಹೌದಲ್ಲ?”

ಇದು ಕೇಳುವ ಮಾತೇ? ಆ ವಾಲ್ ತೆರೆಯದೆ ಬೆಂಕಿ ಹಾಕಿದರೆ ಸೂಪರ್‌ಹೀಟರಿನಲ್ಲಿ ಉಗಿ ಹರಿಯುವುದಿಲ್ಲ, ಕೊಳವೆ ಸುಟ್ಟುಹೋಗುತ್ತದೆ. ಸೌದೆ ಒಲೆ ಹಚ್ಚುವವಳಿಗೆ ಕಡ್ಡಿ ಗೀರಿದ್ದೀಯಾ ಎಂದು ಕೇಳಿದ ಹಾಗಾಯಿತು.

“ಮೇಡಮ್ಮಾರ, ನಾ ಆ ವಾಲ್ ತೆರಿಯಾಕ ಶುರು ಮಾಡಿದಾಗ ನೀವು ಅಂಗನವಾಡಿಗೆ ಹೋಗತಿದ್ರಿ.”

ನನ್ನ ಗಂಟಲು ಗಿರಣಿ ತುಂಬಿತ್ತೇನೋ, ಮಾಲೀಕ ಪಂಪಾಪತಿ ಸಾವುಕಾರರು ಆಫೀಸಿನಿಂದ ಎದ್ದು ಬಂದರು. ಮೇಡಂ ಹೇಳಿದ್ದನ್ನು ಕೇಳಿದರು, ನಾನು ಹೇಳಿದ್ದನ್ನು ಕೇಳಿದರು. ಸುಗ್ಗಿಯ ಕಾಲ. ಭತ್ತದ ಲಾರಿಗಳು ಗೇಟಿನಿಂದ ರಸ್ತೆಯವರೆಗೆ ಸಾಲುಗಟ್ಟಿದ್ದವು. ಬಾಯ್ಲರ್ ಆರಿಸಿ, ತಣ್ಣಗಾಗಿಸಿ, ಒಳಗೆ ಹೋಗಿ ನೋಡಿ, ಮತ್ತೆ ಹಚ್ಚಲು ನಾಲ್ಕು ದಿನ ಬೇಕು. ಗಿರಣಿ ಬಂದ್. ಅರವತ್ತು ಜನ ಹಮಾಲರು ಮನೆಯಲ್ಲಿ ಕೂರಬೇಕು. ಆದರೆ ಸೂಪರ್‌ಹೀಟರಿನ ತೂತು ಸುಮ್ಮನೆ ಬಿಟ್ಟರೆ ಪಕ್ಕದ ಕೊಳವೆಯನ್ನೂ ಕೊರೆಯುತ್ತದೆ. ಅದು ನನಗೂ ಗೊತ್ತು.

“ಸೋಮವಾರ ಮುಂಜಾನಿ ಬೆಂಕಿ ತಗೀರಿ,” ಎಂದರು ಸಾವುಕಾರರು.

“ತಗೀತೀನಿ,” ಎಂದೆ. “ಒಳಗ ಒಂದು ಸೂಜಿ ತೂತು ಸಿಕ್ಕರೂ ನನ್ನ ಸರ್ಟಿಫಿಕೇಟ್ ಗ್ವಾಡಿಯಿಂದ ಇಳಿಸಿ ನಿಮ್ಮ ಕೈಯಾಗ ಕೊಟ್ಟು ಮನಿಗಿ ಹೋಗತೀನಿ. ಸಿಗಲಿಲ್ಲಂದ್ರ, ನಾಕು ದಿನ ಗಿರಣಿ ನಿಲ್ಲಿಸಿದ್ದು ಯಾರಂತ ಹಮಾಲರಿಗೆ ನೀವ ಹೇಳಬೇಕು.”

ಹೇಳಬಾರದಿತ್ತು. ಹಮಾಲರೆಲ್ಲ ನಿಂತು ಕೇಳುತ್ತಿದ್ದರು. ಹೇಳಿಯಾಗಿತ್ತು.

ಶನಿವಾರ ಬೆಳಿಗ್ಗೆ ಆರಕ್ಕೆ ಡ್ಯೂಟಿಗೆ ಬಂದವನೇ ಆ ಮೀಟರಿನ ಮುಂದೆ ಮಗ್ಗಿ ಬರೆದ ಹಾಗೆ ಗಂಟೆಗೊಮ್ಮೆ ಅಂಕಿ ಬರೆಯತೊಡಗಿದೆ. ಮೇಡಂ ದಿನಕ್ಕೊಂದು ಸಲ ನೋಡುತ್ತಿದ್ದರು, ಗಂಟೆಗೊಮ್ಮೆ ಯಾರೂ ನೋಡಿರಲಿಲ್ಲ. ಎರಡಕ್ಕೆ ಡ್ಯೂಟಿ ಮುಗಿಯುವಾಗ ಹಾಳೆ ನೋಡಿದರೆ ವಿಷಯ ಅಲ್ಲೇ ಇತ್ತು. ಆರರಿಂದ ಎಂಟರವರೆಗೆ ಮೀಟರ್ ಓಡಿದೆ. ಎಂಟರ ನಂತರ ಎಂದಿನ ಹಾಗೆ ನಡೆದಿದೆ.

ಯಾವ ತೂತು ಗಡಿಯಾರ ನೋಡಿ ಸೋರುತ್ತದೆ? ಸೂಪರ್‌ಹೀಟರ್ ಅಲ್ಲ ಎಂದು ನನಗೆ ಖಾತ್ರಿಯಾಯಿತು. ಹಾಗಾದರೆ ಬೇರೆ ಎಲ್ಲಿ? ಆರರಿಂದ ಎಂಟರ ನಡುವೆ ನಮ್ಮಲ್ಲಿ ಆಗುವುದು ಒಂದೇ: ಡ್ರೈಯರುಗಳು ಒಂದೊಂದಾಗಿ ಶುರುವಾಗುತ್ತವೆ, ಟರ್ಬೈನಿನ ಮೇಲೆ ಭಾರ ಏರುತ್ತದೆ. ನೇರವಾಗಿ ಟರ್ಬೈನ್ ಮನೆಗೆ ಹೋದೆ.

ಟರ್ಬೈನ್ ನಡೆಸುವವನು ಶಫೀಸಾಬ, ಯಲಬುರ್ಗಾದವನು. ನಾನು ಸೇರಿದ ವರ್ಷವೇ ಸೇರಿದ. ಕ್ವಾರ್ಟರ್ಸಿನಲ್ಲಿ ನನ್ನ ಪಕ್ಕದ ಮನೆ. ಅವನ ಹೆಂಡತಿ ನೂರಜಾನಬಿ ಮತ್ತು ನನ್ನ ಹೆಂಡತಿ ಹನುಮಂತಮ್ಮ ಒಂದೇ ಒಳಕಲ್ಲಿನಲ್ಲಿ ಖಾರ ರುಬ್ಬುವವರು. ಟರ್ಬೈನ್ ಹತ್ತಿರ ನಿಂತು ನಿಂತು ಅವನ ಕಿವಿ ಅರ್ಧ ಹೋಗಿದೆ, ಬಾಯಿ ದುಪ್ಪಟ್ಟಾಗಿದೆ.

“ಏ ಶಫೀ! ನಿನ್ನ ಟರ್ಬೈನ್ ಸೋರಾಕತ್ತೈತಿ ಲೇ!” ಎಂದೆ. “ಲೋಡ್ ಏರೋ ಹೊತ್ತಿಗೆ ಡ್ರೈನ್ ವಾಲ್ ತೆರದ ಬಿಡ್ತೀಯೇನು? ಇಲ್ಲಾ ನಿನ್ನ ಗ್ಲ್ಯಾಂಡ್ ಹಾಳಾಗೇದೇನು? ನನ್ನ ಮ್ಯಾಲ ಯಾಕ ಬರಬೇಕು ಇದು?”

ಬೇರೆ ದಿನವಾಗಿದ್ದರೆ ನನ್ನ ಏಳು ತಲೆಮಾರಿನವರನ್ನೂ ಎಬ್ಬಿಸುತ್ತಿದ್ದ. ಅವನ ಟರ್ಬೈನಿಗೆ ಯಾರೂ ಏನೂ ಅನ್ನುವಂತಿಲ್ಲ. ಅದರ ಮೇಲೆ ಒಂದು ರೂಪಾಯಿಯ ಬಿಲ್ಲೆಯನ್ನು ಅಂಚಿನ ಮೇಲೆ ನಿಲ್ಲಿಸಿ ಎಲ್ಲರಿಗೂ ತೋರಿಸುವವನು, ಬಿಲ್ಲೆ ಬೀಳುವುದಿಲ್ಲ. ಅಷ್ಟು ನಡುಕವಿಲ್ಲದೆ ನಡೆಸುತ್ತಾನೆ.

ಅಂದು ಎಣ್ಣೆಯ ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತ, “ಇರಬಹುದು ಬಿಡು, ನೋಡತೀನಿ,” ಎಂದ.

ಶಫೀಸಾಬ ತನ್ನ ಟರ್ಬೈನಿನಲ್ಲಿ ದೋಷ ಇರಬಹುದು ಎಂದನಲ್ಲ! ಅವನಿಗೆ ಜ್ವರವಿರಬೇಕು ಎಂದುಕೊಂಡೆ. ಉಗಿ ಹೊರಬರದಂತೆ ತಡೆಯುವ ಗ್ಲ್ಯಾಂಡನ್ನು ನಾನೇ ನೋಡಿದೆ, ಡ್ರೈನ್ ನೋಡಿದೆ. ಒಂದು ಹನಿಯೂ ಇಲ್ಲ. ಉಗಿ ಲೈನಿನ ಉದ್ದಕ್ಕೂ ನಡೆದೆ, ಡ್ರೈಯರುಗಳ ಕೆಳಗೆ ತೂರಿದೆ, ವಾಪಸ್ ನೀರಿನ ಟ್ಯಾಂಕಿ ತಟ್ಟಿ ನೋಡಿದೆ. ಎಲ್ಲ ಒಣ. ಬಟ್ಟೆ ತುಂಬ ಜೇಡರ ಬಲೆ ಹೊತ್ತು ಮನೆಗೆ ಹೋದೆ.

ಭಾನುವಾರ ನನಗೆ ರಜೆ, ಎದ್ದಾಗ ಎಂಟು ದಾಟಿತ್ತು. ಹಿಂದಿನ ಎರಡು ಭಾನುವಾರ ಬದಲಿ ಆಳಿಲ್ಲದೆ ಡ್ಯೂಟಿ ಮಾಡಿದ್ದೆ. ದಿನಾ ಡ್ಯೂಟಿ ಮುಗಿಸಿ ಗಿರಣಿಯ ನಳದಲ್ಲೇ ಮೈ ತೊಳೆದು ಬರುವವನು ನಾನು. ಅಂದು ಬಹಳ ದಿನಕ್ಕೆ ಮನೆಯಲ್ಲಿ ಜಳಕ. ಮನೆಯಲ್ಲಿ ಈಗ ಬಾಣಂತಿ ಇದ್ದಾಳೆ. ಕಿನ್ನಾಳಕ್ಕೆ ಕೊಟ್ಟ ಮಗಳು ಗೀತಾ ಚೊಚ್ಚಲ ಹೆರಿಗೆಗೆ ಬಂದು, ಅಮಾವಾಸ್ಯೆಯ ಹಿಂದಿನ ದಿನ ಆಸ್ಪತ್ರೆಯಿಂದ ಕೂಸಿನ ಸಮೇತ ಮನೆಗೆ ಬಂದಿದ್ದಳು. ಹೆಣ್ಣು ಕೂಸು. ನನ್ನ ಅಂಗೈಯಿಂದ ಮೊಣಕೈವರೆಗಿನಷ್ಟು ಉದ್ದ. ನನ್ನ ಹಾಗೇ ಅಳುತ್ತಾಳೆ ಎಂದು ಹನುಮಂತಮ್ಮ ಹೇಳುತ್ತಾಳೆ. ನಾನು ಯಾವಾಗ ಅತ್ತದ್ದನ್ನು ಕಂಡಿದ್ದಾಳೋ.

ತಾಯಿ ಮಗಳು ಕೂಸು ಎಲ್ಲರ ಜಳಕ ಮುಗಿದಿತ್ತು. ಬಚ್ಚಲಲ್ಲಿ ಎರಡು ಡ್ರಮ್ಮು, ಒಂದರಲ್ಲಿ ಬಿಸಿ, ಒಂದರಲ್ಲಿ ಆರಿದ್ದು. ಬೆರೆಸಿಕೊಂಡು ಮೈಗೆ ಸುರಿದುಕೊಂಡೆ, ಸೋಪು ಹಚ್ಚಿದೆ. ಎರಡು ಸಲ ಉಜ್ಜಿದ್ದಕ್ಕೆ ಕುರಿಯ ಉಣ್ಣೆಯಷ್ಟು ನೊರೆ ಬಂತು. ನೀರು ಸುರಿದೆ. ಮೈ ಜಾರುತ್ತಲೇ ಇತ್ತು. ಮತ್ತೆರಡು ತಂಬಿಗೆ ಸುರಿದೆ. ಸೋಪು ಹೋಗಲೊಲ್ಲದು.

ಕೈಯಲ್ಲಿ ತಂಬಿಗೆ ಹಾಗೇ ನಿಂತಿತು.

ನಮ್ಮ ಕ್ವಾರ್ಟರ್ಸಿನ ಬೋರಿನ ನೀರು ಎಂಥದು ಎಂದು ಈ ಭಾಗದವರಿಗೆ ಹೇಳಬೇಕಿಲ್ಲ. ಪಾತ್ರೆಗೆ ಸುಣ್ಣ ಬಳಿದ ಹಾಗೆ ಬಿಳಿ ಕೂರುತ್ತದೆ, ಬೇಳೆ ಬೇಯುವುದಿಲ್ಲ, ಸೋಪು ಮೊಸರಿನ ಹಾಗೆ ಒಡೆಯುತ್ತದೆ. ಸೋಪು ಮೈ ಬಿಟ್ಟು ಹೋಗದಂಥ ನೀರು ನನಗೆ ಗೊತ್ತಿರುವುದು ಒಂದೇ ಕಡೆ ಇದೆ. ನಾಲ್ಕು ದಿನದಿಂದ ಬೇಳೆ ಬೆಣ್ಣೆಯ ಹಾಗೆ ಬೆಂದಿತ್ತು. ಹೊಸ ಅಂಗಡಿಯ ಬೇಳೆ ಎಂದಿದ್ದಳು ಹನುಮಂತಮ್ಮ.

ಟವೆಲ್ ಸುತ್ತಿಕೊಂಡು ಹೊರಗೆ ಬಂದೆ. ಗೂಟಕ್ಕೆ ಹಾಕಿದ್ದ ಅಂಗಿಯ ಜೇಬಿನಲ್ಲಿ ನೀರು ನೋಡುವ ಗುಳಿಗೆಯ ಶೀಶೆ ಯಾವಾಗಲೂ ಇರುತ್ತದೆ. ಗುಳಿಗೆ ಹಾಕಿ ಅಲುಗಿಸಿದರೆ ಗಡಸು ನೀರು ಕೆಂಪಗಾಗುತ್ತದೆ, ಮೆದು ನೀರು ನೀಲಿಯಾಗುತ್ತದೆ. ನನ್ನ ಬಚ್ಚಲಿನ ನೀರು ನವಿಲಿನ ಕುತ್ತಿಗೆಯ ಹಾಗೆ ನೀಲಿಯಾಯಿತು.

“ಹನುಮೀ!” ಎಂದು ಕೂಗಲು ಬಾಯಿ ತೆರೆದೆ. ಹೆಂಡತಿ ಬಾಗಿಲಲ್ಲಿ ನಿಂತು ತುಟಿಯ ಮೇಲೆ ಬೆರಳಿಟ್ಟಳು.

“ಕೂಸು ಈಗ ಮಲಗೇತಿ. ಏನರ ಹೇಳೋದಿದ್ರ ಸಣ್ಣಗ ಹೇಳ್ರಿ.”

ನನ್ನ ಜೀವಮಾನದಲ್ಲಿ ಪಿಸುಗುಟ್ಟಿ ಜಗಳವಾಡಿದ್ದು ಅದೊಂದೇ ಸಲ.

“ಇದು ನನ್ನ ಬಾಯ್ಲರ್ ನೀರು,” ಎಂದೆ, ಪಿಸುಮಾತಿನಲ್ಲಿ.

“ಹೌದು,” ಎಂದಳು, ಅವಳೂ ಪಿಸುಮಾತಿನಲ್ಲಿ.

“ಹೌದು ಅಂತೀಯಲ್ಲ! ನಾಚಿಕಿ ಬ್ಯಾಡೇನು?”

“ಮೈಮ್ಯಾಲ ನೊರಿ ಐತಿ, ನೀವ ಟವೆಲ್ ಮ್ಯಾಲ ನಿಂತೀರಿ. ನನಗ್ಯಾಕ ನಾಚಿಕಿ? ಮಗಳು ಮನಿಗೆ ಬಂದ ದಿನ ಏನ್ ಕೇಳಿದ್ದೆ ನಿಮಗ? ಬಾಣಂತಿಗೆ ಎಂಟು ಕೊಡ ಸುಡುಸುಡು ನೀರು ಬೇಕು, ಗಿರಣಿಯಿಂದ ಎರಡು ಕೊಡ ತರ್ರಿ ಅಂದೆ. ಏನಂದ್ರಿ? ಗಿರಣಿ ನೀರು ನಿಮ್ಮಪ್ಪಂದಲ್ಲ ಅಂದ್ರಿ. ಸತ್ತ ನಮ್ಮಪ್ಪನ್ನ ನಡುವ ಎಳದ್ರಿ.”

“ಅದಕ್ಕ ಕಳವು ಮಾಡಿದಿ?”

“ಕಳವಲ್ಲ. ಕೇಳೇನಿ. ನಿಮಗಲ್ಲ, ಶಫೀಸಾಬಣ್ಣಗ.”

ಒಳಗಿನಿಂದ ಗೀತಾಳ ಪಿಸುಮಾತೂ ಬಂತು: “ಅಪ್ಪಾ, ಯವ್ವಗ ಬೈಬ್ಯಾಡ. ಕೂಸಿನ ಮೈ ನೋಡು, ಹೆಂಗ ಮೆತ್ತಗಾಗೇತಿ.”

ನೋಡಿದೆ. ಕೂಸು ಕೆಂಪಗೆ ಬಾಯಿ ತೆರೆದು ಮಲಗಿತ್ತು. ಸಿಟ್ಟಿನ ಕೆಳಗಿನಿಂದ ನನಗೆ ಹೆದರಿಕೆ ಎದ್ದಿತು. ಬಾಯ್ಲರಿನ ಕೆಳಗಿನಿಂದ ನಾವು ಹೊರಗೆ ಬಿಡುವ ನೀರೂ ಬಿಸಿಯೇ. ಅದರಲ್ಲಿ ಔಷಧ ಇರುತ್ತದೆ, ಕೈಗೆ ಬಿದ್ದರೆ ಚರ್ಮ ಸುಲಿಯುತ್ತದೆ. ಈ ಮಹಾಶಯ ಯಾವ ಲೈನಿನಿಂದ ತೆಗೆದಿದ್ದಾನೆ? ನೊರೆ ಮೈಯ ಮೇಲೆಯೇ ಅಂಗಿ ತೊಟ್ಟು ಪಕ್ಕದ ಮನೆಗೆ ಹೋದೆ.

ಶಫೀಸಾಬ ಹಿತ್ತಲಲ್ಲಿ ಕೂತು ಚಹಾ ಕುಡಿಯುತ್ತಿದ್ದ. ನನ್ನ ಮುಖ ನೋಡಿದವನೇ ಬಸಿ ಕೆಳಗಿಟ್ಟ.

“ಡ್ರೈಯರಿಂದ ಬರೋ ಲೈನಿಂದು,” ಎಂದ, ನಾನು ಕೇಳುವ ಮೊದಲೇ. “ಬಾಯ್ಲರಿನ ಕೆಳಗಿನ ನೀರು ಮುಟ್ಟಿದ್ರ ನನ್ನ ಕೈ ಸೇದಿ ಹೋಗ್ಲಿ. ನೀ ಔಷಧ ಹಾಕೋದು ಟ್ಯಾಂಕಿ ದಾಟಿದ ಮ್ಯಾಲ. ಅಷ್ಟೂ ತಿಳಿಯದವನೇನಲೇ ನಾ? ನನಗೂ ಮೊಮ್ಮಗಳಲ್ಲೇನು ಅದು?”

ಅವನ ಕಲ್ಲಿನ ಮೇಲೆ ಕೂತೆ. ಅವನ ಉಳಿದ ಚಹಾ ನಾನೇ ಕುಡಿದೆ.

ಹಿತ್ತಲ ಗೋಡೆಯ ಆಚೆಯೇ ಆ ಲೈನು ಹೋಗುತ್ತದೆ. ಮೇಲೆ ಉಣ್ಣೆಯಂಥ ಹೊದಿಕೆ, ಅದರ ಮೇಲೆ ತಗಡು. ಅಮಾವಾಸ್ಯೆಗೆ ಗಿರಣಿ ನಿಂತಾಗ ತಗಡು ಬಿಚ್ಚಿ, ಅರ್ಧ ಇಂಚಿನ ವಾಲ್ ಕೂರಿಸಿ, ಮತ್ತೆ ತಗಡು ಮುಚ್ಚಿದ್ದ. ಗೋಡೆಯ ತೂತಿನಿಂದ ಒಂದು ಪೈಪು. ಮೊದಲು ಗೀತಾಳಿಗೆ ಎಂಟು ಕೊಡ. ಆಮೇಲೆ ಕೊನೆಯ ಮನೆಯ ನಸೀಮಾಬಿಯ ಸೊಸೆಯೂ ಬಾಣಂತಿ ಎಂದು ಅವಳಿಗೆ. ಆಮೇಲೆ ಕಸ ಗುಡಿಸುವ ಹಂಪವ್ವನಿಗೆ ಮಂಡಿನೋವು ಎಂದು ಅವಳಿಗೆ. ಆಮೇಲೆ ಈ ನೀರಿನಲ್ಲಿ ತಲೆ ತೊಳೆದರೆ ಕೂದಲು ರೇಷ್ಮೆಯಾಗುತ್ತದೆ ಎಂದು ಇಡೀ ಕ್ವಾರ್ಟರ್ಸಿಗೆ. ಆರರಿಂದ ಎಂಟು. ನಾನು ಡ್ಯೂಟಿಗೆ ಹೋದ ಮೇಲೆ.

“ಎಲ್ಲರಿಗೂ ಗೊತ್ತು, ನನಗೊಬ್ಬನಿಗೆ ಗೊತ್ತಿಲ್ಲ,” ಎಂದೆ.

“ನಿನಗ ಗೊತ್ತಾದ್ರ ಗಂಗಾವತಿಗೆಲ್ಲ ಗೊತ್ತಾಕ್ಕೈತಲ್ಲ. ಸಣ್ಣಗ ಮಾತಾಡಾಕ ಎಲ್ಲಿ ಬರತೈತಿ ನಿನಗ?”

“ನಾಳೆ ಬೆಂಕಿ ತಗೀತಾರ ಲೇ. ಸರ್ಟಿಫಿಕೇಟ್ ಕೊಡ್ತೀನಿ ಅಂದೇನಿ.”

“ಗೊತ್ತು. ಎರಡು ದಿನದಿಂದ ಅನ್ನ ಇಳಿದಿಲ್ಲ ನನಗ. ಕೇಳಿಲ್ಲಿ. ಈಗಿಂದೀಗ ವಾಲ್ ಬಂದ್ ಮಾಡತೀನಿ. ನಾಳೆ ಮೀಟರ್ ತಾನ ಇಳೀತೈತಿ. ಸರಿ ಹೋತು ಅನ್ನು.”

“ಸೂಪರ್‌ಹೀಟರ್ ತೂತು ತಾನ ಮುಚ್ಚಿಕೊಂತು ಅನ್ಲೇನು? ಅದೇನ್ ಮೊಣಕಾಲು ಗಾಯನಾ? ಆ ಹುಡುಗಿ ನಂಬತಾಳೇನು? ಇನ್ನೂ ಅನುಮಾನ ಬಂದು ಬಿಚ್ಚಿಸೇ ಬಿಚ್ಚಿಸ್ತಾಳ. ನಾಕು ದಿನ ಗಿರಣಿ ಬಂದ್. ಹಮಾಲರ ಹೊಟ್ಟಿ ಮ್ಯಾಲ ನೀ ಕಾಲಿಡ್ತೀಯೇನು, ನಾ ಇಡ್ಲೇನು?”

ಅವನು ನೆಲ ನೋಡಿದ. “ಹಂಗಾದ್ರ ಹೇಳಿಬಿಡು, ಶಫೀಸಾಬ ಕೂಡಿಸ್ಯಾನಂತ. ಯಲಬುರ್ಗಾಕ್ಕ ಹೋಗಿ ಆಡು ಕಾಯ್ತೀನಿ.”

ತಮಾಷೆಯಲ್ಲ ಅದು. ಉಗಿಯ ಲೈನಿಗೆ ಹೇಳದೆ ಕೈ ಹಾಕಿದರೆ ಗಿರಣಿಯಲ್ಲಿ ಕ್ಷಮೆಯಿಲ್ಲ. ಹೋದ ವರ್ಷ ಒಬ್ಬ ಫಿಟ್ಟರನನ್ನು ಅದೇ ದಿನ ಗೇಟಿನ ಹೊರಗೆ ಕಳಿಸಿದ್ದರು. ಕಳಿಸಿರಿ, ನಾಳೆ ಯಾರನ್ನಾದರೂ ಸುಟ್ಟಾನು ಎಂದು ಎಲ್ಲರಿಗಿಂತ ಜೋರಾಗಿ ಕೂಗಿದ್ದವನು ನಾನೇ. ಆ ಮಾತು ಈಗಲೂ ಸರಿಯೇ. ಆದರೆ ಶಫೀಸಾಬನಿಲ್ಲದ ಟರ್ಬೈನ್ ಮನೆಯನ್ನು ನೆನೆಸಿಕೊಂಡೆ. ಆ ಸದ್ದಿನ ನಡುವೆ ನಾನು ಯಾರನ್ನು ಬೈಯಲಿ?

ಸೋಮವಾರ ಬೆಳಿಗ್ಗೆ ಆರಕ್ಕೆ ಮೇಡಂ, ಸಾವುಕಾರರು ಇಬ್ಬರೂ ಬಾಯ್ಲರ್ ಮುಂದೆ ನಿಂತಿದ್ದರು. ಹೊಟ್ಟು ಬರುವ ಸ್ಕ್ರೂ ನಿಲ್ಲಿಸಲು ಹೇಳುವ ಮೊದಲೇ ನಾನು, “ಬೆಂಕಿ ತಗೆಯೂದಕ್ಕಿಂತ ಮೊದಲ ನನ್ನ ಜೋಡಿ ಹತ್ತು ಹೆಜ್ಜಿ ಬರ್ರಿ,” ಎಂದೆ.

ಮೀಟರಿನ ಮುಂದೆ ಕರೆದುಕೊಂಡು ಹೋದೆ. ಶನಿವಾರದ ಹಾಳೆ ತೋರಿಸಿದೆ. ಮೀಟರಿನ ಮುಳ್ಳು ಆಗಲೇ ಓಡುತ್ತಿತ್ತು. ಅಲ್ಲಿಂದ ಗೋಡೆಯ ಹತ್ತಿರ ನಡೆಸಿದೆ, ತಗಡು ಬಿಚ್ಚಿ ವಾಲ್ ತೋರಿಸಿದೆ. ಮೇಡಂ ಬಗ್ಗಿ ನೋಡಿದರು, ಬಟ್ಟೆಯಿಂದ ಹಿಡಿದು ತಿರುವಿ ಬಂದ್ ಮಾಡಿದರು.

ಗೋಡೆಯ ಆಚೆಯಿಂದ ಹಂಪವ್ವನ ಗಂಟಲು ಎದ್ದಿತು: “ಅಯ್ಯ ಇದರ! ತಲೀಗೆ ಸೀಗಿಕಾಯಿ ಹಚ್ಚಿಕೊಂಡು ನಿಂತೇನಿ, ಯಾವ ಬಾಡ್ಯಾ ಬಂದ್ ಮಾಡಿದ?”

ಸಾವುಕಾರರು ಗೋಡೆ ನೋಡಿದರು, ವಾಲ್ ನೋಡಿದರು, ನನ್ನನ್ನು ನೋಡಿದರು.

“ಬಾಣಂತಿ ಜಳಕಕ್ಕ ಸಾವುಕಾರ್ರ,” ಎಂದೆ. “ನನ್ನ ಮಗಳಿಗೆ. ಆಮ್ಯಾಲ ಎಲ್ಲಾರಿಗೂ ಆತು.”

“ಯಾರು ಕೂಡಿಸಿದ್ದು ಇದನ್ನ?”

“ನಾನ.”

ಮೇಡಂ ತಲೆಯೆತ್ತಿ ನೋಡಿದರು. ಹೋದ ವರ್ಷದ ಫಿಟ್ಟರನ ವಿಷಯದಲ್ಲಿ ನಾನು ಕೂಗಿದ್ದನ್ನು ಅವರೂ ಕೇಳಿದ್ದರು. ಅಷ್ಟರಲ್ಲಿ ಹಿಂದಿನಿಂದ ಟರ್ಬೈನಿನ ಸದ್ದನ್ನೂ ಮೀರಿಸುವ ಗಂಟಲು ಬಂತು.

“ಸುಳ್ಳ ಸಾವುಕಾರ್ರ! ಇವನ ಮುಖಕ್ಕ ವಾಲ್ ಕೂಡಸಾಕ ಬರತೈತೇನ್ರಿ? ಇಂವ ಕೂಡಿಸಿದ್ರ ಮೊದಲನೇ ದಿನವೇ ಸೋರಿ ಸಿಕ್ಕ ಬೀಳತಿದ್ದ! ಆ ಜಾಯಿಂಟ್ ನೋಡ್ರಿ. ಹನ್ನೆರಡು ದಿನ ಆತು, ಒಂದು ಹನಿ ಬಿದ್ದಿದ್ರ ತೋರಸ್ರಿ. ನನ್ನ ಕೆಲಸಾ ಅದು!”

ಶಫೀಸಾಬ ಎಣ್ಣೆಯ ಕೈಯಲ್ಲಿ ಎದೆ ತಟ್ಟಿಕೊಂಡು ನಿಂತಿದ್ದ. ಅಂಗಿಯ ಮೇಲೆ ಐದು ಬೆರಳು ಮೂಡಿದ್ದವು.

“ಹುಚ್ಚಾ,” ಎಂದೆ. “ಬಾಯಿ ಮುಚ್ಚು.”

“ನೀ ಮುಚ್ಚು. ಬೇಕಾದ್ದು ಹೊತ್ತುಕೋ, ನನ್ನ ಕೈಕೆಲಸಾ ಹೊತ್ತುಕೋಬ್ಯಾಡ.”

ಮೇಡಂ ಮುಖ ಆಚೆ ತಿರುಗಿಸಿಕೊಂಡರು. ಅವರ ಭುಜ ಅಲುಗುತ್ತಿತ್ತು. ಸಾವುಕಾರರು ಮಾತ್ರ ನಗಲಿಲ್ಲ. ಎಂಟರವರೆಗೆ ಎಲ್ಲರೂ ಇಲ್ಲೇ ಇರಿ ಎಂದರು. ಇದ್ದೆವು. ಗೋಡೆಯ ಆಚೆ ಕೊಡಗಳ ಸದ್ದು, ಬೈಗುಳ. ಈಚೆ ಮೇಡಂ ಹದಿನೈದು ನಿಮಿಷಕ್ಕೊಮ್ಮೆ ಮೀಟರ್ ಬಳಿ ಹೋಗಿ ಬಂದು ಬರೆದುಕೊಳ್ಳುತ್ತಿದ್ದರು. ಎಂಟಕ್ಕೆ ಹಾಳೆಯನ್ನು ಸಾವುಕಾರರ ಮುಂದೆ ಹಿಡಿದು, “ಮೀಟರ್ ಮೊದಲಿನಂಗ ಐತಿ ಸರ್. ಬಾಯ್ಲರ್ ಬಿಚ್ಚೋದು ಬ್ಯಾಡ,” ಎಂದರು. ನನ್ನ ಕಡೆ ತಿರುಗಿ, “ಮ್ಯಾಲಿನ ಉಗಿ ವಾಲ್ ತೆರೆದೀರೋ ಇಲ್ಲೋ ಅಂತ ಕೇಳಬಾರದಿತ್ತು ಅಣ್ಣ,” ಎಂದರು.

“ಕೇಳಬೇಕು,” ಎಂದೆ. “ನಿಮ್ಮ ಕೆಲಸಾ ಅದು. ನಾ ಅಂಗನವಾಡಿ ಅನಬಾರದಿತ್ತು.”

ಸಾವುಕಾರರು ಶಫೀಸಾಬನ ಮುಂದೆ ನಿಂತರು. “ನನಗ ಕೇಳಿದ್ರ ಕೊಡತಿದ್ದೆನೇನು? ಇಲ್ಲ. ಖರೆ ಹೇಳತೀನಿ, ಕೊಡತಿದ್ದಿಲ್ಲ. ಆದ್ರ ಆ ಪೈಪು ಕಿತ್ತು ಯಾವರ ಹೆಣ್ಮಗಳ ಮೈಮ್ಯಾಲ ಬಿದ್ದಿದ್ರ? ಕೂಸಿನ ಮ್ಯಾಲ ಬಿದ್ದಿದ್ರ? ಅದನ್ನ ಹೇಳು.”

ಆ ಪೈಪಿನ ಬಿಸಿ ಶಫೀಸಾಬನಿಗಿಂತ ಚೆನ್ನಾಗಿ ಬಲ್ಲವರು ಯಾರು?

“ಹೊರಗ ಹಾಕಬೇಕು ನಿನ್ನ,” ಎಂದರು ಸಾವುಕಾರರು.

ನಾನು ಇಪ್ಪತ್ತೆರಡು ವರ್ಷದಲ್ಲಿ ಅವರಿಗೆ ಏನೂ ಕೇಳಿದವನಲ್ಲ. ರಜೆಯನ್ನೂ ಜಗಳವಾಡಿ ತೆಗೆದುಕೊಂಡವನು. “ಸಾವುಕಾರ್ರ,” ಎಂದೆ. “ಅಂವನ್ನ ಇಟ್ಟುಕೊಳ್ರಿ. ನನ್ನ ಮನಿಗೋಸ್ಕರ ಮಾಡ್ಯಾನ. ನಾ ಮಾಡಬೇಕಿದ್ದ ಕೆಲಸಾ ಅದು. ಮಗಳಿಗೆ ನೀರು ಕಾಸೂದು. ನಾ ಮಾಡ್ಲಿಲ್ಲ, ಅದಕ್ಕ ಅಂವ ಮಾಡಿದ. ಕೈ ಮುಗೀತೀನಿ.”

ನಿಜವಾಗಿಯೂ ಮುಗಿದೆ. ಶಫೀಸಾಬ ನನ್ನನ್ನು ದೆವ್ವ ನೋಡಿದ ಹಾಗೆ ನೋಡಿದ.

ಸಾವುಕಾರರು ಮೀಸೆ ಉಜ್ಜಿದರು. ಆಮೇಲೆ ಹೇಳಿದರು: ವಾಲ್ ಈಗಿಂದೀಗ ತೆಗೆದು ಲೈನ್ ಮೊದಲಿನ ಹಾಗೆ ಆಗಬೇಕು. ಮುಂದಿನ ಮೂರು ಅಮಾವಾಸ್ಯೆ ಇಬ್ಬರಿಗೂ ರಜೆ ಇಲ್ಲ. 

“ಇನ್ನೊಮ್ಮೆ ಲೈನಿಗೆ ಕೈ ಹಚ್ಚಿದ್ರ ಕೈ ಮುಗದ್ರೂ ಕೇಳಂಗಿಲ್ಲ, ಕಾಲು ಮುಗದ್ರೂ ಕೇಳಂಗಿಲ್ಲ,” ಎಂದು ಹೇಳಿ ಆಫೀಸಿಗೆ ನಡೆದರು. ವಾಲ್ ಬಿಚ್ಚಿದವನು ಶಫೀಸಾಬ. ಹಿಡಿದುಕೊಂಡವನು ನಾನು. ನಾನು ನೆಟ್ಟಗೆ ಹಿಡಿಯುವುದಿಲ್ಲ ಎಂದು ಉದ್ದಕ್ಕೂ ಬೈದ.

ಅಂದು ಸಂಜೆ ಹನುಮಂತಮ್ಮ ತಟ್ಟೆಯನ್ನು ನನ್ನ ಮುಂದೆ ಕುಕ್ಕಿದಳು. ಬೇಳೆ ಬೆಂದಿರಲಿಲ್ಲ. ಎರಡು ತುತ್ತು ಅಗಿದ ಮೇಲೆ, “ನಾಳೆ ಸೆಕೆಂಡ್ ಶಿಫ್ಟ್ ಹಾಕಿಸಿಕೊಂಡೇನಿ. ನೀರು ನಾ ಕಾಸತೀನಿ,” ಎಂದೆ.

“ನೀವು?”

“ಮತ್ತ್ಯಾರು? ಬಾಯ್ಲರ್ ನಡಸಂವ ನಾ.”

ಮರುದಿನ ಬೆಳಕು ಹರಿಯುತ್ತಲೇ ನೂರಜಾನಬಿಯ ತಾಮ್ರದ ಹಂಡೆಯನ್ನು ಹಿತ್ತಲಲ್ಲಿ ಮೂರು ಕಲ್ಲಿನ ಮೇಲೆ ಇಟ್ಟೆ. ಸಾವುಕಾರರನ್ನು ಕೇಳಿಯೇ ಎರಡು ಚೀಲ ಹೊಟ್ಟು ತಂದಿದ್ದೆ. ಹೊಟ್ಟು ನನಗೆ ಗೊತ್ತು. ದಿನಕ್ಕೆ ನಲವತ್ತು ಟನ್ ಉರಿಸುತ್ತೇನೆ. ಎರಡು ಬುಟ್ಟಿ ಸುರಿದು, ಸೀಮೆಎಣ್ಣೆ ಚಿಮುಕಿಸಿ ಕಡ್ಡಿ ಗೀರಿದೆ. ಮೇಲೆ ಭಗ್ ಎಂದಿತು, ಆಮೇಲೆ ಆರಿತು, ಆಮೇಲೆ ಕ್ವಾರ್ಟರ್ಸಿನ ಅಷ್ಟೂ ಮನೆಗಳಿಗೆ ಸಾಲುವಷ್ಟು ಹೊಗೆ ಬಂತು.

ಶಫೀಸಾಬ ಗೋಡೆಯ ಮೇಲೆ ಮೊಣಕೈ ಊರಿ ನಿಂತಿದ್ದ. “ಚಿಮಣಿಯೊಳಗ ಬಿಳಿ ಉಗಿ ಕಾಣತೈತೇನು ನೋಡು ಹುಲಿಗ್ಯಾ,” ಎಂದ.

“ನಿನ್ನ ಟರ್ಬೈನಿಗೆ ಹೋಗು ಲೇ.”

ಗಿರಣಿಯಲ್ಲಿ ಹೊಟ್ಟು ಉರಿಯುವುದು ಫ್ಯಾನಿನ ಗಾಳಿಯಿಂದ. ಇಲ್ಲಿ ಗಾಳಿ ಎಲ್ಲಿದೆ? ಮೊಣಕಾಲೂರಿ ಊದಿದೆ. ಕಣ್ಣಲ್ಲಿ ನೀರು, ಮೀಸೆಯಲ್ಲಿ ಬೂದಿ. ಹಂಡೆಯ ನೀರು ಕೈಬೆರಳಿಗೂ ಬೆಚ್ಚಗಾಗಲಿಲ್ಲ. ಹನುಮಂತಮ್ಮ ಬಂದಳು. ಹೊಟ್ಟನ್ನೆಲ್ಲ ಕೋಲಿನಿಂದ ಪಕ್ಕಕ್ಕೆ ಎಳೆದಳು, ನಾಲ್ಕು ತೊಗರಿ ಕಟ್ಟಿಗೆ ಅಡ್ಡಡ್ಡ ಇಟ್ಟು ನಡುವೆ ಸಂದು ಬಿಟ್ಟಳು, ಮೇಲೆ ಹಿಡಿಯಷ್ಟೇ ಹೊಟ್ಟು ಉದುರಿಸಿದಳು. ಬೆಂಕಿ ಎದ್ದು ಹಂಡೆಯ ಹೊಟ್ಟೆಯನ್ನು ಹಿಡಿಯಿತು.

“ಹಿಂಗ ಹಿಡಿ ಹಿಡಿ ಹಾಕ್ತಿರಬೇಕು. ತಿಳೀತೇನು?” ಎಂದಳು.

“ತಿಳೀತು.”

ಹಾಕುತ್ತ ಕೂತೆ. ನೀರು ಸದ್ದು ಮಾಡತೊಡಗಿತು. ಮೊದಲನೆಯ ಕೊಡ, ಎರಡನೆಯ ಕೊಡ ಬಚ್ಚಲ ಬಾಗಿಲಿಗೆ ಮುಟ್ಟಿಸಿದೆ. ಒಳಗೆ ಗೀತಾ “ಸುಡತೈತಿ ಯವ್ವಾ” ಎನ್ನುತ್ತಿದ್ದಳು, “ಸುಡ್ಲಿ, ಸುಟ್ರನ ನಡ ಗಟ್ಟಿಯಾಗೋದು” ಎನ್ನುತ್ತ ತಾಯಿ ಸುರಿಯುತ್ತಿದ್ದಳು. ಐದನೆಯ ಕೊಡದ ಹೊತ್ತಿಗೆ ಕೂಸಿನ ಸರದಿ ಬಂತು. ಹನುಮಂತಮ್ಮ ಕಾಲು ಚಾಚಿ, ಕಾಲ ಮೇಲೆ ಕೂಸನ್ನು ಬೋರಲು ಮಲಗಿಸಿಕೊಂಡಿದ್ದಳು. ಬೆನ್ನ ಮೇಲೆ ನೀರು ಬಿದ್ದ ಕೂಡಲೇ ಅದು ಹಿತ್ತಲು ಹಾರಿಹೋಗುವಂತೆ ಕಿರುಚಿತು. ಎಂಥ ಗಂಟಲು! ನಾನು ಕೊಡ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟೆ.

“ನಿಂತ್ರ ಬೆಂಕಿ ಯಾರು ನೋಡ್ತಾರ?” ಎಂದಳು ಹನುಮಂತಮ್ಮ, ತಲೆ ಎತ್ತದೆ. “ಇನ್ನ ಮೂರು ಕೊಡ ಬೇಕು. ಹೋಗ್ರಿ.”

ಹೋದೆ.